ಟಚ್‌ಪ್ಯಾಡಿಗೆ ಎಳೆದ ವಿಭೂತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿದ್ದರೆ ವಾಸಿಯಾಗುತ್ತಿದ್ದ ಕಾಯಿಲೆಗೆ ನಾನು ಹನ್ನೆರಡು ದಿನ ಹೊಟ್ಟೆ ಕುಯ್ದು ಆಪರೇಷನ್ ಮಾಡಿದೆ. ರೋಗಿ ನನ್ನ ಲ್ಯಾಪ್‌ಟಾಪು. ಡಾಕ್ಟರು ನಾನೇ, ಇಡೀ ನಂಜನಗೂಡಿನಲ್ಲಿ ಲಿನಕ್ಸ್ ಬಲ್ಲವನು ನಾನೊಬ್ಬನೇ ಎಂದು ನಂಬಿಕೊಂಡಿದ್ದವನು. ಊರಿನವರು ಅದನ್ನು ಅಲ್ಲಗಳೆದಿರಲಿಲ್ಲ. ಲಿನಕ್ಸ್ ಅಂದರೆ ಏನೆಂದು ಯಾರಿಗಾದರೂ ಗೊತ್ತಿದ್ದರೆ ತಾನೇ?

ಎರಡು ಸಾವಿರದ ಏಳೋ ಎಂಟೋ ಇರಬೇಕು. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಲ್ಯಾಪ್‌ಟಾಪು ತೂಕದಲ್ಲಿ ನಮ್ಮ ಮನೆಯ ರುಬ್ಬುಗುಂಡಿನಂತೆ, ಬಿಸಿಯಲ್ಲಿ ಅದರ ಪಕ್ಕದ ಒಲೆಯಂತೆ ಇತ್ತು. ಯಂತ್ರ ನಡೆಸಲು ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶದ ಬದಲು, ಪುಕ್ಕಟೆ ಸಿಗುತ್ತದೆಂದು ಅದಕ್ಕೆ ಲಿನಕ್ಸ್ ಹಾಕಿದ್ದೆ. ಕೇಳಿದವರಿಗೆ ಮಾತ್ರ ಕಂಪನಿಗಳ ಹಿಡಿತದಿಂದ ಸ್ವಾತಂತ್ರ್ಯಕ್ಕಾಗಿ ಎಂದು ಹೇಳುತ್ತಿದ್ದೆ.

ಆ ವರ್ಷ ತಿ. ನರಸೀಪುರದ ಒಂದು ಶಾಲೆಗೆ ಯಾರೋ ನಾಲ್ಕು ಹಳೆಯ ಕಂಪ್ಯೂಟರು ದಾನ ಕೊಟ್ಟಿದ್ದರು. ಕಲಿಸುವವರು ಬೇಕಿತ್ತು. ದಸರಾ ರಜೆ ಮುಗಿದ ಸೋಮವಾರ ತನ್ನ ಲ್ಯಾಪ್‌ಟಾಪ್ ತಂದು ಒಂದು ಪಾಠ ಮಾಡಿ ತೋರಿಸಲಿ ಎಂದು ಅಲ್ಲಿಯ ಹೆಡ್ ಮೇಡಂ ಗಿರಿಜಮ್ಮನವರು ಹೇಳಿಕಳಿಸಿದ್ದರು. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯ ಜಗಲಿ ಸವೆಸಿದ್ದ ನನಗೆ ಸಿಕ್ಕಿದ್ದ ಕೆಲಸ ಅದೊಂದೇ. ಅದು ತಪ್ಪಿದರೆ ಏನೆಂಬುದನ್ನು ಅಪ್ಪ ಆಗಲೇ ತೀರ್ಮಾನಿಸಿ, ಚಿಕ್ಕಪ್ಪನ ಸಿಮೆಂಟ್ ಅಂಗಡಿಯಲ್ಲಿ ನನಗೊಂದು ಸ್ಟೂಲನ್ನೂ ನೋಡಿಬಂದಿದ್ದರು. “ಸೋಮವಾರ ಅವ್ರು ಬ್ಯಾಡ ಅಂದ್ರೆ ಮಂಗಳವಾರ ಅಂಗಡಿಗ್ ಓಗು. ಆಮೇಲೆ ಮಾತಿಲ್ಲ ಕಣ್ಲಾ.”

ಈ ನಡುವೆ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅವತ್ತು ವಿಭೂತಿಯಿಂದ ತಪ್ಪಿಸಿಕೊಂಡ ವಸ್ತುವಿಲ್ಲ. ಕುಡುಗೋಲು, ಈಳಿಗೆಮಣೆ, ಹೊಲಿಗೆ ಮಿಷನ್ನು, ಅಪ್ಪನ ಮೊಪೆಡ್ಡು, ಎಲ್ಲವೂ ಮೂರು ಬೆರಳಿನ ಪಟ್ಟೆ ಬಳಿದುಕೊಂಡು ಸಾಲಾಗಿ ಶರಣರಂತೆ ಕೂತಿರುತ್ತವೆ. ಅಮ್ಮ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಬಿಚ್ಚಿ, ಸುತ್ತ ನೋಡಿ, “ಇದರ ಅಣೆ ಎಲ್ಲದೆ ಮಗ?” ಎಂದು ಕೇಳಿದಳು. ನಾನು ಸ್ನಾನದ ಮನೆಯಲ್ಲಿದ್ದೆ. ಉತ್ತರಕ್ಕೆ ಕಾಯದೆ, ಕೀಲಿಗಳ ಕೆಳಗೆ ಕಂಪನಿಯವರು ಇದಕ್ಕೆಂದೇ ಬಿಟ್ಟಿದ್ದಾರೆ ಅನ್ನಿಸುವಂಥ ನುಣುಪಾದ ಚೌಕ ಜಾಗ ಕಂಡು, ನೀರಲ್ಲಿ ತೇದ ವಿಭೂತಿಯನ್ನು ಅಲ್ಲಿಗೆ ಎಳೆದಳು. ನಡುವೆ ಕುಂಕುಮ. ನಾನು ಬಂದು ಕೈಮುಗಿದೆ. ಮರುದಿನ ಟವೆಲಿನ ತುದಿಯಲ್ಲಿ ಒರೆಸಿದೆ, ಅದೂ ಒಣ ಟವೆಲು.

ಅದೇ ದಿನ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಿಂದ ಪೆನ್‌ಡ್ರೈವಿನಲ್ಲಿ ತಂದ ಲಿನಕ್ಸಿನ ಹೊಸ ಆವೃತ್ತಿಯನ್ನೂ ಹಾಕಿದೆ. ಆಮೇಲೆ ಆ ಚೌಕ ಟಚ್‌ಪ್ಯಾಡು ಮುಟ್ಟಿದರೆ ಪರದೆಯ ಮೇಲಿನ ಬಾಣ ಸಂತೆಯಲ್ಲಿ ಹಗ್ಗ ಕಿತ್ತ ಹೋರಿಯಂತೆ ಓಡುತ್ತಿದೆ! ಎಡಕ್ಕೆ ಎಳೆದರೆ ಮೂಲೆಗೆ ನುಗ್ಗುತ್ತದೆ, ಸುಮ್ಮನಿದ್ದರೆ ತಾನೇ ಕಸದಬುಟ್ಟಿ ತೆರೆಯುತ್ತದೆ. ಎದುರಿಗೆ ಇಬ್ಬರು ಅಪರಾಧಿಗಳಿದ್ದರು, ವಿಭೂತಿ ಮತ್ತು ಹೊಸ ಆವೃತ್ತಿ. ಓದಿದವನಾದ್ದರಿಂದ ನಾನು ಓದಿದ ಅಪರಾಧಿಯನ್ನೇ ಹಿಡಿದೆ.

ಅಲ್ಲಿಂದ ಶುರುವಾಯಿತು ಆಪರೇಷನ್ನು. ಲಿನಕ್ಸಿನಲ್ಲಿ ಆಗ ಪ್ರತಿಯೊಂದಕ್ಕೂ ಒಂದು ಫೈಲು, ಫೈಲಿನಲ್ಲಿ ಸಾಲುಗಳು, ಸಾಲಿನಲ್ಲಿ ಅಂಕಿಗಳು. ಬೆರಳಿನ ಒತ್ತಡ ಇಷ್ಟಿದ್ದರೆ ಮುಟ್ಟಿದಂತೆ, ಅಷ್ಟಿದ್ದರೆ ಮುಟ್ಟದಂತೆ. ಮಡಿ ಮೈಲಿಗೆಯ ಲೆಕ್ಕ ಇಷ್ಟು ಸೂಕ್ಷ್ಮವಾಗಿ ನಮ್ಮ ಅಜ್ಜಿಯೂ ಇಟ್ಟಿರಲಿಲ್ಲ. ಅಂಕಿ ಬದಲಿಸುವುದು, ಮತ್ತೆ ಶುರುಮಾಡುವುದು, ಬಾಣ ಓಡುವುದನ್ನು ನೋಡುವುದು. ಒಮ್ಮೆ ಒಂದು ಅಲ್ಪವಿರಾಮ ತಪ್ಪಿ ಪರದೆಯೇ ಬರದೆ, ಕಪ್ಪು ಹಲಗೆಯ ಮುಂದೆ ಪಾಠ ಬಾರದ ಹುಡುಗನಂತೆ ಒಂದು ಇಡೀ ಮಧ್ಯಾಹ್ನ ಕೂತಿದ್ದೆ.

ಸೈಬರ್ ಸೆಂಟರಿನಲ್ಲಿ ಹುಡುಕಿದಾಗ ಯಾವುದೋ ದೇಶದ ಪುಣ್ಯಾತ್ಮನೊಬ್ಬ, ಚಾರ್ಜರಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೂ ಟಚ್‌ಪ್ಯಾಡ್ ಹೀಗಾಡುತ್ತದೆ ಎಂದು ಬರೆದಿದ್ದ. ನಮ್ಮ ಹಿತ್ತಿಲಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಇತ್ತು. ಮೂರು ದಿನ ಅದಕ್ಕೆ ಎರಡೆರಡು ಕೊಡ ನೀರು ಹೊಯ್ದೆ. ಬಾಣ ನೆಟ್ಟಗಾಗಲಿಲ್ಲ. ಪಕ್ಕದ ಕರಿಬೇವು ಮಾತ್ರ ಚೆನ್ನಾಗಿ ಚಿಗುರಿತು.

ಸರಿ, ಚಾರ್ಜರೇ ಬೇಡವೆಂದು ಕಿತ್ತೆ. ಬ್ಯಾಟರಿ ಮುಕ್ಕಾಲು ಗಂಟೆಗೇ ಕೈಚೆಲ್ಲುತ್ತಿತ್ತು. ಅದನ್ನು ಉಳಿಸಲು, ಮುಚ್ಚಳ ಹಾಕಿದೊಡನೆ ಯಂತ್ರ ನಿದ್ದೆಗೆ ಜಾರುವಂತೆ ಮಾಡಿದೆ. ಜಾರಿತು. ಏಳಲಿಲ್ಲ. ನಿದ್ದೆ ಮಾಡುವುದು ದೊಡ್ಡದಲ್ಲ, ಸರಿಯಾದ ಜಾಗದಲ್ಲಿ ಏಳುವುದು ದೊಡ್ಡದು ಎಂಬುದನ್ನು ನಾನು ಅವತ್ತೇ ಕಲಿತೆ. ನಮ್ಮ ಸೋದರಮಾವ ಮೈಸೂರಿನಲ್ಲಿ ಬಸ್ ಹತ್ತಿದೊಡನೆ ಬಾಯಿ ತೆರೆದು ಮಲಗುತ್ತಿದ್ದರು. ಕಂಡಕ್ಟರ್ ಕೂಗುವ ಮೊದಲೇ ತಾಂಡವಪುರದಲ್ಲಿ ಕಣ್ಣುಬಿಟ್ಟು, ಪಂಚೆ ಸರಿಮಾಡಿಕೊಂಡು ಇಳಿಯುತ್ತಿದ್ದರು. ಆ ವಿದ್ಯೆಯನ್ನು ಯಾವ ಪ್ರೋಗ್ರಾಮಿನವರೂ ಅವರಿಂದ ಬರೆದುಕೊಳ್ಳಲಿಲ್ಲ.

ಸೋಮವಾರ ಬಂತು. ಗಿರಿಜಮ್ಮನವರ ಕೋಣೆಯಲ್ಲಿ ಮೇಜಿನ ಆಚೆ ಅವರು, ಈಚೆ ಬೆವರುತ್ತಿರುವ ನಾನು. ಮುಚ್ಚಳ ತೆರೆದೆ, ಕಪ್ಪು. ಬಸ್ಸಿನಲ್ಲಿ ಮಲಗಿದ್ದು ಎದ್ದಿರಲಿಲ್ಲ. ಗುಂಡಿ ಅದುಮಿ ಹಿಡಿದು ಸಾಯಿಸಿ, ಮತ್ತೆ ಹುಟ್ಟಿಸಿ, ಅದು ಎದ್ದು ಬರುವ ಐದು ನಿಮಿಷ ಕಂಪ್ಯೂಟರಿನ ಇತಿಹಾಸ ಹೇಳಿದೆ. ಪರದೆ ಬಂತು. ಬಾಣ ಸರಿಸಲು ಬೆರಳಿಟ್ಟೆ. ಅದು ಓಡಿತು. ಅದರ ಹಿಂದೆ ನನ್ನ ಕೆಲಸವೂ ಓಡುತ್ತಿರುವುದು ಕಾಣುತ್ತಿತ್ತು.

ಮೇಡಂ ಕನ್ನಡಕ ಹಾಕಿಕೊಂಡು ಬಗ್ಗಿದರು. “ಏನಪ್ಪಾ, ಇದಕ್ಕೂ ವಿಭೂತಿ ಇಟ್ಟಿದ್ರಾ?” ಚೌಕದ ಅಂಚಿನ ಸಂದಿನಲ್ಲಿ ಬಿಳಿ ಗೆರೆ, ಒಂದು ಮೂಲೆಯಲ್ಲಿ ಕೆಂಪು. ಶಾಲೆಯ ಹಾರ್ಮೋನಿಯಂ ಕೀಲಿಗಳ ಸಂದಿಗೂ ಒಂದು ವರ್ಷ ಕುಂಕುಮ ಇಳಿದು, ಪ್ರಾರ್ಥನೆಯ ಉದ್ದಕ್ಕೂ ಒಂದೇ ಸ್ವರ ಅರಚಿತ್ತಂತೆ. ಯಂತ್ರ ಆರಿಸಲು ಹೇಳಿ, ತಲೆಯಿಂದ ಪಿನ್ನು ತೆಗೆದು ಸಂದು ಕೆರೆದರು, ಕರವಸ್ತ್ರದ ತುದಿ ಒದ್ದೆ ಮಾಡಿ ಒರೆಸಿದರು. ಮತ್ತೆ ಹಚ್ಚಿದಾಗ ಬಾಣ ಬೆರಳು ಹೇಳಿದಲ್ಲಿಗೆ ಹೋಗಿ, ಹೇಳಿದಲ್ಲೇ ನಿಂತಿತು.

ಇಷ್ಟು ದಿನ ಏನು ಮಾಡಿದಿರಿ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದುಕೊಟ್ಟೆ. ಒಂದೊಂದು ಸಾಲು ಬದಲಿಸುವಾಗಲೂ ಮೊದಲು ಏನಿತ್ತು, ಏನು ಮಾಡಿದೆ, ಏನು ಕೆಟ್ಟಿತು ಎಂದು ಬರೆದಿದ್ದೆ. ಬರೆಯದಿದ್ದರೆ ವಾಪಸ್ ಬರುವ ದಾರಿ ಸಿಗುತ್ತಿರಲಿಲ್ಲ. ನಲವತ್ತು ಪುಟ. ಅರ್ಥಿಂಗಿಗೆ ಹೊಯ್ದ ಕೊಡಗಳೂ ಅದರಲ್ಲಿದ್ದವು. ಅವರು ಪುಟ ತಿರುವಿದರು, ಒಮ್ಮೆ ನಕ್ಕರು, ಹೇಳಿಕಳಿಸುತ್ತೇನೆ ಎಂದರು. ಹಾಗೆಂದರೆ ಏನರ್ಥವೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಈಗಿನ ಲ್ಯಾಪ್‌ಟಾಪುಗಳು ತಾವೇ ಮಲಗಿ ತಾವೇ ಏಳುತ್ತವೆ. ಅವುಗಳ ಹೊಟ್ಟೆಯಲ್ಲಿ ಏನಿದೆಯೋ ನಾನು ಕಾಣೆ. ಆ ಹನ್ನೆರಡು ದಿನಗಳಲ್ಲಿ ಆ ರುಬ್ಬುಗುಂಡಿನ ನರನರವೂ ನನಗೆ ಪರಿಚಯವಾಗಿತ್ತು. ಅಷ್ಟು ಹತ್ತಿರದಿಂದ ಇನ್ನಾವ ವಸ್ತುವನ್ನೂ ನಾನು ಕೆಡಿಸಿಲ್ಲ.

ಮಂಗಳವಾರ ಅಂಗಡಿಯ ಸ್ಟೂಲಿನ ಮೇಲೆ ಕೂತು ಸಿಮೆಂಟ್ ಮೂಟೆಗಳನ್ನು ನೋಡುತ್ತಿದ್ದಾಗ ಫೋನು ಬಂತು, ಗಿರಿಜಮ್ಮನವರದು. ಇದೇ ಕೆಲಸಕ್ಕೆ ಕರೆದಿದ್ದ ಇನ್ನಿಬ್ಬರೂ ಬಂದು ಪಾಠ ಮಾಡಿ ಹೋದರಂತೆ, ಇಬ್ಬರ ಬಾಣವೂ ನೆಟ್ಟಗೆ ಓಡಿತಂತೆ. ನಾನು ಸರಿ ಮೇಡಂ ಎಂದು ಫೋನಿಡಲು ಹೊರಟೆ. ಅವರ ಮಾತು ಮುಗಿದಿರಲಿಲ್ಲ.

“ತಡೀರಿ. ಮೂವತ್ತು ವರ್ಷ ಆಯ್ತು, ಮಕ್ಕಳ ತಪ್ಪು ಬರ್ದಿಟ್ಕೊಳ್ಳೋ ಮೇಷ್ಟ್ರುಗಳನ್ನ ನೋಡ್ತಾನೇ ಇದೀನಿ. ತನ್ನ ತಪ್ಪು ಬರ್ದಿಟ್ಕೊಂಡೋರು ನೀವೇ ಮೊದಲು ಕಣಪ್ಪ. ಗುರುವಾರದಿಂದ ಬನ್ನಿ. ಲ್ಯಾಪ್‌ಟಾಪು ಬೇಡ, ಆ ನೋಟ್‌ಬುಕ್ ತನ್ನಿ.”