ಅಮ್ಮ ಹಾಕಿಕೊಂಡ ಬಾಗಿಲು

ನೌಪಾಡಾದ ಹಳೆಯ ಚಾಳೊಂದರಲ್ಲಿ, ಸಾಲುಮನೆಗಳ ಮುಂದಿನ ಗ್ಯಾಲರಿಯಲ್ಲಿ, ಇವತ್ತು ನಾಲ್ಕು ಹೆಂಗಸರು ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದರು. ಆ ಹಸಿ ವಾಸನೆಗೆ ನಿಂತುಬಿಟ್ಟೆ.

ನಾವು ಡೊಂಬಿವಲಿಯಲ್ಲಿ ಇಂಥದೇ ಚಾಳಿನಲ್ಲಿದ್ದೆವು. ಉಡುಪಿಯಿಂದ ಮದುವೆಯಾಗಿ ಬಂದ ಅಮ್ಮ ಮರಾಠಿ ಕಲಿತದ್ದು ಗ್ಯಾಲರಿಯಲ್ಲೇ. ಅವಳು ಹೊಸ್ತಿಲಲ್ಲಿ ಕೂತು ಬಸಳೆ ಬಿಡಿಸುತ್ತಿದ್ದರೆ ಅಕ್ಕಪಕ್ಕದವರೂ ತಮ್ಮ ಮೊರ ಹಿಡಿದು ಬರುತ್ತಿದ್ದರು.

ಅಪ್ಪ ಕೋಪರಖೈರಣೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ಫ್ಲ್ಯಾಟ್ ತಗೊಂಡಾಗ ನಾನು ಆರನೇ ಕ್ಲಾಸು. ಮನೆಯೊಳಗೇ ಸಂಡಾಸು, ಬಾಗಿಲಿಗೆ ನಮ್ಮ ಹೆಸರಿನ ಹಲಗೆ. ನನ್ನ ಕಾಲು ನೆಲದ ಮೇಲಿರಲಿಲ್ಲ. ಮರುದಿನವೇ ಅಮ್ಮ ಬಾಗಿಲು ತೆರೆದಿಟ್ಟು, ಸೊಪ್ಪಿನ ಮೊರ ತಂದು ಹೊಸ್ತಿಲಲ್ಲಿ ಕೂತಳು. ಎದುರುಮನೆಯಾಕೆ ಬೀಗ ತೆಗೆಯುತ್ತ ಇತ್ತ ನೋಡಿ ನಕ್ಕರು. ಸ್ನೇಹದ ನಗುವೇ ಇದ್ದೀತು, ಈಗ ಅನ್ನಿಸುತ್ತದೆ. ಆಗ ನನಗೆ ಮೈಯೆಲ್ಲ ಉರಿಯಿತು.

"ಮಮ್ಮೀ, ಒಳಗೆ ಬಾ. ಇದು ಚಾಳಲ್ಲ, ಸೊಸೈಟಿ!"

ಅಮ್ಮ ಮೊರ ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದಳು. ಮತ್ತೆಂದೂ ಅಲ್ಲಿ ಕೂರಲಿಲ್ಲ. ಮಾತಾಡಲು ಯಾರೂ ಇಲ್ಲದೆ ಅವಳ ಮರಾಠಿಯೂ ನಿಧಾನಕ್ಕೆ ಮರೆತುಹೋಯಿತು.

ಅಮ್ಮ ಈಗಿಲ್ಲ. "ಕೋಣ್ ಪಾಹಿಜೆ?" ಎಂದು ಮೆಂತ್ಯ ಸೋಸುತ್ತಿದ್ದವರಲ್ಲೊಬ್ಬರು ಗ್ಯಾಲರಿಯಿಂದ ಕೇಳಿದರು, ಯಾರು ಬೇಕು ಅಂತ. ಯಾರೂ ಬೇಡವೆಂದು ಕೈಯಾಡಿಸಿ ಹೊರಟೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಆ ದಿನ ಎದುರುಮನೆಯವರಿಗೆ ಅರ್ಥವಾಗಲಿ ಅಂತಲೇ ಅಮ್ಮನನ್ನು ಹಿಂದಿಯಲ್ಲಿ ಗದರಿಸಿದ್ದೆ.