ಆಲಿಕಲ್ಲು ಮೇಷ್ಟ್ರ ಸತ್ತ ಸ್ವರ

ನಮ್ಮ ಸೋದರಮಾವ ಜೀವಮಾನವೆಲ್ಲ ಒಂದು ನೃತ್ಯಶಾಲೆಯಲ್ಲಿ ಪಿಯಾನೋ ನುಡಿಸಿದ. ಪುಟ್ಟ ಮಕ್ಕಳು ಕಾಲೆತ್ತಲಿ, ಇಳಿಸಲಿ ಅಂತ 'ಒಂದು, ಎರಡು, ಮೂರು' ಬಾರಿಸುವ ಕೆಲಸ. ಶಿಕ್ಷಕಿ ನೀರು ಕುಡಿಯಲು ಹೊರಗೆ ಹೋದರೆ ಸಾಕು, ಇವನ ಹತ್ತು ಬೆರಳೂ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸುರಿಯುತ್ತಿದ್ದವು. ಹಾಗಾಗಿ ಮಕ್ಕಳಿಗೆ ಅವನು ಆಲಿಕಲ್ಲು ಮೇಷ್ಟ್ರು. ದೊಡ್ಡ ಸಭಾಂಗಣದಲ್ಲಿ ಕೂರಬೇಕಾದ ಆಸಾಮಿ ಅಲ್ಲೇಕೆ ಕೂತಿದ್ದ? ಕೇಳಿದರೆ, "ಇಲ್ಲಿ ಸಂಜೆ ಬೇಗ ಬಿಡ್ತಾರೆ ಕಣೆ, ಮನೆಗೆ ಹೋಗ್ಬಹುದು" ಅನ್ನುತ್ತಿದ್ದ. ಇದೂ ಒಂದು ಉತ್ತರವೇ!

ಮನೆಗೆ ಹೋಗಿ ಮಾಡುತ್ತಿದ್ದುದೂ ಅದನ್ನೇ. ಹಜಾರದಲ್ಲಿ ಗೋಡೆಗೊರಗಿದ ಹಳೇ ಪಿಯಾನೋ, ಗೋಡೆಯ ಆಚೆಗೆ ಅಡುಗೆಮನೆ. ಅತ್ತೆ ಅಲ್ಲಿ ಪಾತ್ರೆ ತೊಳೆಯುವಾಗ ಇವನು ಇಲ್ಲಿ ತನ್ನದೇ ರಚನೆಗಳನ್ನು ನುಡಿಸುತ್ತಿದ್ದ. ಕೇಳುಗರು ಅಂತ ಇದ್ದದ್ದು ಅತ್ತೆ ಒಬ್ಬರೇ.

ಹೋದ ವರ್ಷ ಮಾವ ತೀರಿಕೊಂಡ. ಅತ್ತೆಗೆ ಒಂದು ಕಿವಿ ಆಗಲೇ ಹೋಗಿತ್ತು, ಇನ್ನೊಂದೂ ಹೊರಟಿದೆ ಅಂತ ಡಾಕ್ಟರು ಹೇಳಿಬಿಟ್ಟರು. ಅತ್ತೆ ನನ್ನನ್ನು ಕರೆಸಿದರು. "ಪೂರ್ತಿ ಹೋಗೋದ್ರೊಳಗೆ ಅವರ 'ಸಂಜೇದು' ಒಂದ್ಸಲ ಕೇಳಿಸ್ತೀಯೇನೇ?" 'ಸಂಜೇದು' ಅಂದರೆ ಮಾವ ದಿನಾ ಕೊನೆಗೆ ನುಡಿಸುತ್ತಿದ್ದ ರಚನೆ.

ನಾನೂ ಪಿಯಾನೋ ಕಲಿಸುವವಳೇ. ಜಂಬಕ್ಕೇನೂ ಕಡಿಮೆಯಿಲ್ಲ. ಶುಭಕಾರ್ಯಕ್ಕೆ ತಡವೇಕೆ ಅಂತ ಮೊದಲು ರಿಪೇರಿಯವರನ್ನು ಕರೆಸಿ ಆ ಮುದಿ ಪಿಯಾನೋಗೆ ಶ್ರುತಿ ಮಾಡಿಸಿದೆ. "ಮೇಡಂ, ಎಡಗಡೆ ಒಂದು ತಂತಿ ಯಾವ ಕಾಲದಲ್ಲೋ ಕಿತ್ತುಹೋಗಿದೆ, ಹೊಸದು ಹಾಕಿದೀನಿ" ಅಂದರು. ಒಳ್ಳೇದಾಯ್ತು ಅಂದು ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ಆಮೇಲೆ ಮಾವ ಬರೆದಿಟ್ಟಿದ್ದ ಸ್ವರದ ಹಾಳೆ ಬಿಡಿಸಿ ಕೂತರೆ ತಲೆ ಕೆಟ್ಟು ಗೊಬ್ಬರವಾಯಿತು. ಬಲಗೈಗೆ ಬರೆದದ್ದು ನೋಡಿದರೆ ಮನುಷ್ಯನಿಗೆ ಐದೇ ಬೆರಳು ಅನ್ನುವುದು ಮಾವನಿಗೆ ಮರೆತೇಹೋಗಿತ್ತೇನೋ. ಅದಿರಲಿ, ಬೆವರು ಸುರಿಸಿ ಕಲಿತೆ. ಆದರೆ ಎಡಗೈಯಲ್ಲಿ ಒಂದು ಸ್ವರ, ರಾಗಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಪ್ರತಿ ಸಾಲೂ ಚೆಂದವಾಗಿ ಓಡಿ ಬಂದು, ಕೊನೆಗೆ ಆ ಒಂದು ಕೀ ಒತ್ತಿ, ಸುಮ್ಮನೆ ನಿಲ್ಲುತ್ತಿತ್ತು. ಪಾಯಸ ಉಣ್ಣುವಾಗ ಕಲ್ಲು ಸಿಕ್ಕಿದ ಹಾಗೆ. ಇಂಥ ಕೈ ಇದ್ದವನಿಗೆ ಇಷ್ಟೂ ಕಿವಿ ಇರಲಿಲ್ಲವೇ?

ಬರೆದಂತೆಯೇ ನುಡಿಸಿದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಒಳ್ಳೆಯ ಕಿವಿಯನ್ನು ಇತ್ತ ತಿರುಗಿಸಿ ನಿಂತು ಕೇಳಿ, "ಇದಲ್ಲ ಕಣೆ" ಅಂದರು. ಬರೆಯುವಾಗ ತಪ್ಪಿರಬೇಕೆಂದು ಆ ಸ್ವರವನ್ನು ಪಕ್ಕಕ್ಕೆ ಸರಿಸಿದೆ. "ಇದೂ ಅಲ್ಲ." ಆ ಸ್ವರವನ್ನೇ ಬಿಟ್ಟು ನುಡಿಸಿದೆ. "ಊಹೂಂ."

"ಮತ್ತೆ ಹೇಗಿತ್ತು ಹೇಳಿ ಅತ್ತೆ!"

"ಹೇಗೆ ಅಂತ ಹೇಳ್ಲಿ? ಅವರದ್ರಲ್ಲಿ ನಾನೂ ಇರ್ತಿದ್ದೆ. ನಿಂದ್ರಲ್ಲಿ ನಾನಿಲ್ಲ."

ಇದಕ್ಕೇನು ಅರ್ಥ? ದುಃಖಕ್ಕೆ ಏನೇನೋ ಆಡುತ್ತಿದ್ದಾರೆ ಅಂದುಕೊಂಡೆ. ವಾರಗಟ್ಟಲೆ ಇದೇ ಹಾಡಾಯಿತು. ಅತ್ತೆಯ ಕಿವಿ ದಿನಕ್ಕೊಂದಿಷ್ಟು ಸವೆಯುತ್ತಿತ್ತು, ನಾನು ದಿನಕ್ಕೊಂದು ತಪ್ಪು ಹುಡುಕುತ್ತಿದ್ದೆ. ಭಯವಾಗತೊಡಗಿತು. ಒಂದು ಸಂಜೆ ಅತ್ತೆ ಪಾತ್ರೆಗೆ ಕೈ ಹಾಕಿದ್ದರು, ನಾನು ಅದೇ ಸಾಲಿಗೆ ಬಂದು ಮುಗ್ಗರಿಸಿದೆ. ತಲೆ ಕೆಟ್ಟು, ಹಾಳಾಗಿ ಹೋಗಲಿ ಅಂತ ಪಿಯಾನೋದ ಮುಚ್ಚಳವನ್ನು 'ಟೊಕ್' ಅಂತ ಬಡಿದೆ.

ಗೋಡೆಯ ಆಚೆಯಿಂದ 'ಟಣ್' ಅಂತು. ಪಾತ್ರೆಯ ಮೇಲೆ ಸೌಟು.

ಓಡಿಹೋದೆ. ಅತ್ತೆಯ ಕೈಯಲ್ಲಿ ನೊರೆ ಮೆತ್ತಿದ ಸೌಟಿತ್ತು. "ಏನತ್ತೆ ಅದು?" ಅಂತ ಕಿರುಚಿದೆ.

"ನೀನೇ ತಾನೇ ಕರೆದಿದ್ದು?" ಅಂದರು. "ಅವರು 'ಟೊಕ್' ಅನ್ಸಿದ್ರೆ ನಾನು 'ಟಣ್' ಅನ್ಬೇಕು. ಇದ್ದೀನಿ ಅಂತ."

ಅಯ್ಯೋ ನನ್ನ ಬುದ್ಧಿಗಿಷ್ಟು! ಆ ಕಲ್ಲಿನಂಥ ಸ್ವರ ಮಾವನ ಕಾಲದಲ್ಲಿ ತಂತಿಯಿಲ್ಲದ ಕೀ. ಒತ್ತಿದರೆ ಒಳಗಿನ ಸುತ್ತಿಗೆ ಎದ್ದು ಬಿದ್ದು ಮರದ ಸದ್ದಷ್ಟೇ ಬರುವ ಕೀ. ಅದನ್ನೇ ಮಾವ ಸಾಲುಸಾಲಿಗೂ ಬರೆದು, ಹೆಂಡತಿಗೆಂದು ಜಾಗ ಬಿಟ್ಟು ಕಾದಿದ್ದ. ನಾನು ಉದ್ಧಾರ ಮಾಡಲು ಬಂದವಳು ದುಡ್ಡು ಕೊಟ್ಟು ಅಲ್ಲಿಗೆ ಸ್ವರ ತುಂಬಿಸಿದ್ದೆ!

ಮಾವನ ಹಳೇ ಕಾಲುಚೀಲವೊಂದನ್ನು ಮಡಿಸಿ ಆ ಹೊಸ ತಂತಿಗೂ ಸುತ್ತಿಗೆಗೂ ನಡುವೆ ತುರುಕಿದೆ. ಕೀ ಒತ್ತಿ ನೋಡಿದೆ, ಟೊಕ್. ಕೂತು ನುಡಿಸಿದೆ. ಆಲಿಕಲ್ಲು ಸುರಿದು ನಿಂತಿತು, ಟೊಕ್. ಅಡುಗೆಮನೆಯಿಂದ ಟಣ್. ಮತ್ತೊಂದು ಸಾಲು, ಟೊಕ್, ಟಣ್. ನನ್ನ ಕಣ್ಣು ಮಂಜಾಗಿ ಹಾಳೆ ಕಾಣಿಸದೆ ಹೋಯಿತು. ಆದರೂ ಬಿಡಲಿಲ್ಲ.

ಮೂರನೆಯ ಸಾಲಿಗೆ ಟಣ್ ಬರಲಿಲ್ಲ. ಕಿವಿ ಕೈಕೊಟ್ಟಿತೇ? ತಿರುಗಿ ನೋಡಿದರೆ ಅತ್ತೆ ಸೆರಗಿಗೆ ಕೈ ಒರೆಸುತ್ತ ಪಕ್ಕದಲ್ಲೇ ಬಂದು ನಿಂತಿದ್ದರು. ಅಂಗೈಯನ್ನು ಪಿಯಾನೋದ ಮರಕ್ಕೆ ಒತ್ತಿ ಹಿಡಿದಿದ್ದರು.

"ಹೂಂ, ಇದೇ ಕಣೆ," ಅಂದರು. "ಕಿವಿ ಪೂರ್ತಿ ಹೋದ್ರೂ ಇದು ಹೋಗಲ್ಲ. ಕೈಗೆ ಸಿಗತ್ತೆ."

ಈಗ ನನ್ನ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಮಾವ ಆ ತಂತಿಯನ್ನು ಯಾಕೆ ಹಾಕಿಸಲಿಲ್ಲ? ಸೋಮಾರಿತನವೋ, ಇಂಥ ದಿನ ಬರುತ್ತದೆಂದು ಮೊದಲೇ ಗೊತ್ತಿತ್ತೋ? ಅತ್ತೆಯ ಒಳ್ಳೆಯ ಕಿವಿಗೆ ಬಾಯಿಟ್ಟು ಕೇಳಿದೆ, "ತಂತಿ ಕಿತ್ತಿದ್ದು ಮೊದಲೋ, ನಿಮ್ಮ ಕಿವಿ ಮಂದ ಆಗಿದ್ದು ಮೊದಲೋ?"

"ಯಾರಿಗೆ ನೆನಪಿದೆ," ಅಂದರು ಅತ್ತೆ, ಮರದಿಂದ ಕೈ ತೆಗೆಯದೆ. "ಮಾತು ಸಾಕು. ಅವರು ಕರೀಲಿ, ನೀನು ನುಡಿಸು."