ಬೀಗಮುದ್ರೆಯೊಳಗಿನ ಕೊಬ್ಬರಿ

೨೦೨೫, ಜೂನ್ ೯, ಸೋಮವಾರ. ಬೆಳಿಗ್ಗೆ ಆರೂವರೆಗೆ ಬರೆಯಲು ಕುಳಿತೆ.

ತಿಪಟೂರಿನಲ್ಲಿ ದೊಡ್ಡಪ್ಪನದೊಂದು ಕೊಬ್ಬರಿ ವ್ಯಾಪಾರದ ಪ್ರೈವೇಟ್ ಲಿಮಿಟೆಡ್ ಕಂಪನಿ. ಕಾನೂನಿಗೆ ಇಬ್ಬರು ನಿರ್ದೇಶಕರು ಬೇಕು, ಎರಡನೆಯವನು ನಾನು. ನಮ್ಮ ಕಡೆ ಬೆಳೆಗಾರರು ರೇಟು ಏರುವವರೆಗೆ ಕೊಬ್ಬರಿಯನ್ನು ಮಂಡಿಯಲ್ಲೇ ಬಿಟ್ಟುಹೋಗುತ್ತಾರೆ. ಮಾಲು ಅವರದೇ, ಜಾಗ ಮಾತ್ರ ನಮ್ಮದು. ಚೀಟಿ ಕೇಳುವುದಿಲ್ಲ, ಕೇಳಿದರೆ ನಂಬಿಕೆ ಇಲ್ಲವೆಂದಂತೆ. ಸೇರಿದ ಮೊದಲ ತಿಂಗಳೇ ರಸೀದಿ ಪುಸ್ತಕ ಅಚ್ಚು ಹಾಕಿಸೋಣವೆಂದೆ.

“ರಸೀದಿ ಕೊಟ್ರೆ ಊರೋರು ನಗ್ತಾರೆ ಕಣ್ಲಾ. ನೀನು ಡಿಗ್ರಿ ಓದಿದ್ದು ಮಂಡಿ ಮುಚ್ಸಕ್ಕಾ?” ಎಂದರು ದೊಡ್ಡಪ್ಪ.

ಆಮೇಲೆ ಬ್ಯಾಂಕ್ ಸಾಲ ಬಂತು. ಮಂಡಿಯ ಗೋಡೌನಿನಲ್ಲಿದ್ದದ್ದೆಲ್ಲ ಕಂಪನಿಯದೇ ಎಂದು ಬರೆದು ಅಡ ಇಟ್ಟೆವು, ಜೊತೆಗೆ ನಮ್ಮಿಬ್ಬರ ವೈಯಕ್ತಿಕ ಜಾಮೀನು. ಲಿಮಿಟೆಡ್ ಕಂಪನಿಯಲ್ಲವೇ, ಏನಾದರೂ ಕಂಪನಿಯ ತಲೆಗೇ ನಿಲ್ಲುತ್ತದೆ ಎಂದುಕೊಂಡು ಎರಡಕ್ಕೂ ಸಹಿ ಹಾಕಿದೆ. ಕಂತು ನಿಂತಿತು. ಕಳೆದ ಗುರುವಾರ ಬ್ಯಾಂಕಿನವರು ಗೋಡೌನಿಗೆ ಬೀಗಮುದ್ರೆ ಒತ್ತಿದರು. ಒಳಗೆ ಹದಿನಾಲ್ಕು ಮನೆಯವರ ಮಾಲಿದೆ.

ಮಾರನೆಯ ದಿನ ಹಂದನಕೆರೆಯಿಂದ ಅಜ್ಜಿಯೊಬ್ಬರು ಬಂದರು. ಮೊಮ್ಮಗಳ ನರ್ಸಿಂಗ್ ಕಾಲೇಜಿನ ಫೀಸಿಗೆ ಕೊಬ್ಬರಿ ಮಾರಬೇಕಿತ್ತು.

“ಕಂಪ್ನಿ ಮಾಲು ಅಂತ ಬೀಗ ಹಾಕವ್ರೆ ಅಜ್ಜಿ,” ಎಂದೆ.

“ಯಾವನಪ್ಪ ಆ ಕಂಪ್ನಿ? ಅವನೇನು ಬಂದು ನನ್ ಚೀಲ ಇಳಿಸ್ಕಂಡ್ನಾ? ನಿನ್ ಕೈಗಲ್ವಾ ಕೊಟ್ಟಿದ್ದು!”

ಅಲ್ಲಿದ್ದ ಹಮಾಲಿ ನಕ್ಕ: “ಬುಡಜ್ಜಿ, ಕಂಪ್ನಿಗೆ ಕೈಕಾಲಿಲ್ವಂತೆ.”

“ಇವನ್ಗೈತಲ್ಲ,” ಎಂದು ನನ್ನತ್ತ ಕೈ ತೋರಿಸಿ ಅಜ್ಜಿ ಜಗಲಿಯ ಮೇಲೆ ಕುಳಿತುಬಿಟ್ಟರು. ಸಂಜೆಯ ಕೊನೆ ಬಸ್ಸಿಗೇ ಎದ್ದದ್ದು.

ಶನಿವಾರ ಆಡಿಟರ್ ಬಳಿ ಹೋದೆ. ರಾಜೀನಾಮೆ ಕೊಟ್ಟರೂ ಜಾಮೀನು ನನ್ನನ್ನು ಬಿಡುವುದಿಲ್ಲವಂತೆ. ಬೇರೆಯವರ ಮಾಲನ್ನು ನಮ್ಮದೆಂದು ತೋರಿಸಿದ್ದಕ್ಕೆ ಲಿಮಿಟೆಡ್ ಎಂಬ ಹೆಸರು ಅಡ್ಡ ನಿಂತು ಕಾಯುವುದೂ ಇಲ್ಲವಂತೆ. ಅದು ಬೆಳೆಗಾರರ ಮಾಲೆಂದು ಈಗ ಬರೆದುಕೊಟ್ಟರೆ, ಮೊದಲು ಬರೆದದ್ದು ಸುಳ್ಳೆಂದು ನಾನೇ ಒಪ್ಪಿದಂತೆ. ಸುಮ್ಮನಿದ್ದರೆ ಅಜ್ಜಿಯ ಕೊಬ್ಬರಿ ಹರಾಜಿಗೆ ಹೋಗುತ್ತದೆ.

“ಬಾಯ್ಮುಚ್ಕಂಡಿರು. ಬರ್ದ್ಕೊಟ್ರೆ ಇಬ್ರೂ ಒಳಗೆ ಹೋಯ್ತೀವಿ,” ಎಂದರು ದೊಡ್ಡಪ್ಪ.

ಹತ್ತು ಗಂಟೆಗೆ ಬ್ಯಾಂಕ್ ತೆರೆಯುತ್ತದೆ. ಬರೆದುಕೊಡಲು ಹೋಗುತ್ತಿದ್ದೇನೆ. ಅಷ್ಟರಿಂದಲೇ ಮಾಲು ಅವರ ಕೈಸೇರುತ್ತದೆಯೇ, ರಸೀದಿ ಇಲ್ಲದವರ ಬಾಯಿಮಾತಿಗೆ ಬೆಲೆ ಇದೆಯೇ, ನನಗೆ ಗೊತ್ತಿಲ್ಲ. ಹೀಗೆ ಬ್ಯಾಂಕಿನ ಬೀಗದೊಳಗಿಂದ ತಮ್ಮ ಮಾಲು ಬಿಡಿಸಿಕೊಂಡವರು ಓದುಗರಲ್ಲಿ ಯಾರಾದರೂ ಇದ್ದರೆ, ಮೊದಲು ಯಾರ ಬಳಿ ಹೋದಿರಿ, ಏನನ್ನು ಸಾಕ್ಷಿಯಾಗಿ ತೋರಿಸಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ.